ಚಿತ್ತವ್ವನ ಮೂವಳಿ ಬಾವಿ

ಕಣಿವೆಹಟ್ಟಿಯ ಊರಬಾಗಿಲು ದಾಟಿ ಬಂಡೆಗುಡ್ಡದ ಕಡೆಗೆ ನಡೆದರೆ ಎಡಗಡೆಗೆ ಎರಡು ಬೇವಿನ ಮರಗಳ ನಡುವೆ ಒಂದು ಸೇದುವ ಬಾವಿ ಸಿಗುತ್ತದೆ. ಮೂವಳಿ ಬಾವಿ ಎಂದು ಅದರ ಹೆಸರು. ಹೆಸರು ಕೇಳಿ ಬಂದವರು ಮೂರು ಬಾವಿಗಳನ್ನು ಹುಡುಕುತ್ತ ಸುತ್ತಮುತ್ತ ಅಲೆಯುವುದನ್ನು ನೋಡುವುದೇ ಊರವರಿಗೊಂದು ಮೋಜು. ‘ಇನ್ನೆರಡು ಎಲ್ಲಿ ಸ್ವಾಮಿ?’ ಎಂದು ಕೇಳಿದರೆ, ಕಟ್ಟೆಯ ಮೇಲೆ ಕೂತ ಯಾರಾದರೂ ‘ಬಾವಿ ಒಂದೇ, ಮಕ್ಕಳು ಮೂರು’ ಎಂದು ಹೇಳಿ, ಬಂದವರಿಗೆ ಪುರುಸೊತ್ತಿದೆಯೇ ಎಂದು ಮುಖ ನೋಡಿ, ಪೂರ್ತಿ ಕಥೆಗೆ ಇಳಿಯುತ್ತಾರೆ. ಒಂದೇ ಬಸಿರಲ್ಲಿ ಮೂರು ಮಕ್ಕಳು ಹುಟ್ಟಿದರೆ ಅವರು ಮೂವಳಿ, ನಮ್ಮ ಪತ್ರಿಕೆಯವರು ತ್ರಿವಳಿ ಎಂದು ಬರೆಯುತ್ತಾರೆ, ಇಂಗ್ಲಿಷಿನಲ್ಲಿ ಟ್ರಿಪ್ಲೆಟ್ಸ್. ಆ ಇಂಗ್ಲಿಷ್ ಮಾತಿನ ಬಳಕೆಯಲ್ಲಿ ಒಂದು ಸೊಗಸಿದೆ, ಅದನ್ನು ಹೇಳದೆ ಮುಂದಕ್ಕೆ ಹೋಗಲು ಮನಸ್ಸು ಬಾರದು. ಮೂವರನ್ನೂ ಸೇರಿಸಿ ಹಾಗೆ ಕರೆಯುವಂತೆ, ಒಬ್ಬಳನ್ನೇ ನಿಲ್ಲಿಸಿ ‘ಈಕೆ ಟ್ರಿಪ್ಲೆಟ್’ ಎಂದೂ ಹೇಳಬಹುದು. ಜೊತೆಗೆ ಹುಟ್ಟಿದವರು ತೀರಿಕೊಂಡರೂ ಆಕೆ ಬದುಕಿರುವಷ್ಟು ಕಾಲ ಟ್ರಿಪ್ಲೆಟ್ಟೇ. ಒಬ್ಬರು ಹೋದರೆಂದು ಉಳಿದಿಬ್ಬರು ಅವಳಿಗಳಾಗಿಬಿಡುವುದಿಲ್ಲ. ನಿಘಂಟಿನಲ್ಲಿ ಎರಡು ಸಾಲಿಗೆ ಮುಗಿಯುವ ಈ ಸಂಗತಿಗಾಗಿ ಕಣಿವೆಹಟ್ಟಿಯ ಒಬ್ಬ ಹೆಂಗಸು ತನ್ನ ಆಯುಷ್ಯವನ್ನೆಲ್ಲ ಸಿಟ್ಟಿನಲ್ಲಿ ಸವೆಸಿದಳು.

ಬಹಳ ಹಿಂದೆ, ಪಾಳೇಗಾರರ ಕಾಲದಲ್ಲಿ, ಕುರಿ ಕಾಯುವ ಕರಿಯಪ್ಪನ ಹೆಂಡತಿ ಚಿತ್ತವ್ವ ಒಂದೇ ಹೆರಿಗೆಯಲ್ಲಿ ಮೂರು ಹೆಣ್ಣು ಹೆತ್ತಳು ಎನ್ನುತ್ತಾರೆ. ಮೂರನೆಯದು ಹೆಸರಿಡುವ ಮೊದಲೇ ಕಣ್ಣು ಮುಚ್ಚಿತು. ಬಾಣಂತಿ ಮೊದಲ ಸಲ ನೀರಿಗೆ ಬರುವ ದಿನ ಗಂಗೆಪೂಜೆ ಮಾಡುವುದು ಎಲ್ಲೆಡೆ ಇದೆ. ಆದರೆ ಈ ಊರಲ್ಲಿ ಇನ್ನೊಂದು ಪದ್ಧತಿ ಇತ್ತು. ತಾಯಿ ಪ್ರತಿ ಮಗುವಿನ ಹೆಸರಲ್ಲೂ ಬಾವಿಯ ಅಂಚುಕಲ್ಲಿಗೆ ಅರಿಸಿನ ಬಳಿದು, ಆ ಜಾಗದಿಂದಲೇ ಹಗ್ಗ ಇಳಿಸಿ ಒಂದು ಕೊಡ ಸೇದಬೇಕು. ಅಂದಿನಿಂದ ಅದು ಆ ಮಗುವಿನ ಜಾಗ, ಆ ಮಗುವಿಗೆ ಊರ ನೀರಿನ ಮೇಲೆ ಹಕ್ಕು. ಹೆಸರಿಲ್ಲದೆ ಹೋದ ಕೂಸಿಗೆ ಮಾತ್ರ ಜಾಗವಿಲ್ಲ. ಅದು ಹುಟ್ಟಿಯೇ ಇಲ್ಲ ಎಂಬುದು ಊರಿನ ತೀರ್ಮಾನ. ಚಿತ್ತವ್ವ ಬಂದವಳೇ ಅಕ್ಕಪಕ್ಕದಲ್ಲಿ ಮೂರು ಕಡೆ ಅರಿಸಿನ ಬಳಿದಳು. ಗೌಡರ ತಾಯಿ ತಿಮ್ಮವ್ವ ಮುಂದೆ ಬಂದಳು.

‘ಇದೇನೇ ಇದು? ಇರೋ ಎರಡಕ್ಕೆ ಇಡು ಸಾಕು. ದೇವರು ಅವಳಿ ಕೊಟ್ಟ ಅಂದ್ಕೋ.’

‘ಅವಳಿ ಅಲ್ಲ ಅತ್ತೆವ್ವ, ಮೂವಳಿ. ಹೊತ್ತೋಳು ನಾನು, ನನಗೆ ಎಣಿಸೋಕೆ ಬರ್ತದೆ.’

ನೀರಿಗೆ ಬಂದ ಹೆಂಗಸರು ಕಿಸಕ್ಕೆಂದರು. ‘ಮೂವಳಿಯಂತೆ! ಕುರಿಯೋರ ಮನೆ ನೋಡು, ಸತ್ತ ಮರೀನೂ ಮಂದೇಲಿ ಸೇರಿಸ್ತಾರೆ’ ಎಂದಳು ಒಬ್ಬಳು. ಆ ನಗುವಿನ ನಡುವೆಯೇ ತಿಮ್ಮವ್ವ, ಸತ್ತ ಕೂಸಿನ ನೀರು ಸೇದಿದರೆ ಸೆಲೆ ಬತ್ತುತ್ತದೆ ಎಂದು ಗದರಿ, ಮೂರನೆಯ ಅರಿಸಿನವನ್ನು ಕಾಲಲ್ಲಿ ಒರೆಸಿಬಿಟ್ಟಳು. ಕೈಯಿಂದ ಒರೆಸಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಕಾಲು ಕಂಡದ್ದೇ ಚಿತ್ತವ್ವನ ಬಾಣಂತಿ ಮೈಯೆಲ್ಲ ಕೆಂಡವಾಯಿತು. ಅವಳು ಅಳಲಿಲ್ಲ. ಒರೆಸಿದ ಜಾಗಕ್ಕೇ ಹಗ್ಗ ಕೊಟ್ಟು ನೀರು ಸೇದಿ, ದನ ಕುಡಿಯುವ ಕಲ್ಲುಬಾನಿಗೆ ಸುರಿದಳು. ‘ಇವತ್ತಿಂದ ದಿನಾ ಸೇದ್ತೀನಿ. ಬತ್ತಿದರೆ ಬತ್ತಲಿ, ಎಲ್ಲರೂ ಬಾಯಾರಿಕೊಂಡು ಸಾಯೋಣ!’

ನುಡಿದಂತೆ ನಡೆದಳು. ದಿನವೂ ಮನೆಗೆರಡು ಕೊಡ, ಮೂರನೆಯ ಜಾಗದಿಂದ ಸೇದಿದ್ದು ದಾರಿಹೋಕರಿಗೂ ದನಕರುಗಳಿಗೂ. ‘ಗೌಡರ ಮನೆಯೋರ ಜತೆ ಯಾಕೆ ಜಿದ್ದು, ಬಿಡೇ’ ಎಂದು ಕರಿಯಪ್ಪ ಗೋಗರೆದರೆ, ‘ನೀನು ನಿನ್ನ ಮಂದೆ ಹಿಂದೆ ಹೋಗು. ಇದು ನನ್ನ ಮಂದೆ’ ಎಂದು ಅವನ ಬಾಯಿ ಮುಚ್ಚಿಸಿದಳು. ಅಪ್ಪಿತಪ್ಪಿ ಯಾರಾದರೂ ‘ನಿನ್ನ ಅವಳಿ ಮಕ್ಕಳು’ ಎಂದರೆ ಮುಗಿಯಿತು, ಅವಳ ಬೈಗುಳಕ್ಕೆ ಅವರ ಏಳು ತಲೆಮಾರೂ ಬಾವಿಕಟ್ಟೆಗೆ ಇಳಿದು ಬರಬೇಕು. ಉಳಿದ ಮಕ್ಕಳು ಗಿರಿಯವ್ವ, ದಾಸವ್ವ. ಅವರಲ್ಲಿ ಒಬ್ಬಳೇ ದಾರಿಯಲ್ಲಿ ಸಿಕ್ಕಿ, ನೀನು ಯಾರೇ ಎಂದು ಯಾರಾದರೂ ಕೇಳಿದರೂ ‘ನಾನು ಮೂವಳಿ’ ಎಂದೇ ಹೇಳುವಂತೆ ಬೆಳೆಸಿದಳು. ಸೆಲೆಯೇನೋ ಬತ್ತಲಿಲ್ಲ. ಅದು ತಾನು ಮಾಡಿದ ಸೋಮವಾರಗಳ ಫಲ ಎಂದು ತಿಮ್ಮವ್ವ ಹೇಳಿಕೊಂಡು ತಿರುಗಿದಳಂತೆ!

ಹೀಗೆ ವರ್ಷಗಳು ಉರುಳಿದವು. ತಿಮ್ಮವ್ವನ ಕಿರಿಸೊಸೆ ಸಿದ್ದವ್ವನ ಚೊಚ್ಚಲ ಗಂಡುಮಗು ಹೆಸರಿಡುವ ಮೊದಲೇ ತೀರಿಕೊಂಡಿತು. ಪದ್ಧತಿಯಂತೆ ಅವಳಿಗೆ ಗಂಗೆಪೂಜೆಯೂ ಇಲ್ಲ. ಒಂದು ಬೆಳಗ್ಗೆ, ಹೆಂಗಸರೆಲ್ಲ ಬಾವಿಯ ಹತ್ತಿರ ನೆರೆದಿದ್ದಾಗ, ಅವಳು ಬರಿಕೊಡ ಹಿಡಿದು ಬಂದು ಚಿತ್ತವ್ವನ ಮುಂದೆ ನಿಂತಳು. ಸೊಸೆಯನ್ನು ಹಿಂದಕ್ಕೆ ಕರೆದೊಯ್ಯಲು ತಿಮ್ಮವ್ವ ಏದುಸಿರು ಬಿಡುತ್ತ ಬೆನ್ನಿಗೇ ಬಂದಳು.

‘ಅಕ್ಕಾ, ನಿನ್ನ ಮೂರನೇ ಜಾಗದಲ್ಲಿ ನಾನೊಂದು ಕೊಡ ಸೇದಲಾ?’

ಚಿತ್ತವ್ವನ ಹುಬ್ಬು ಗಂಟಿಕ್ಕಿತು. ‘ಕೊಡಲ್ಲ.’

ಸಿದ್ದವ್ವ ಮುಖ ತಿರುಗಿಸಿ ಹೊರಟಳು.

‘ನಿಲ್ಲೇ! ಅದು ನನ್ನ ಮಗಳ ಜಾಗ. ನಿನ್ನ ಮಗ ಯಾಕೆ ಇನ್ನೊಬ್ಬರ ಜಾಗಕ್ಕೆ ಕೈಚಾಚಬೇಕು? ಅವನಿಗೆ ಅವನದೇ ಇರಲಿ. ತಗಾ ಅರಿಸಿನ, ನೀನೇ ಬಳಿ. ಒರೆಸೋಕೆ ಯಾವ ಕಾಲು ಬರ್ತದೋ ನಾನೂ ನೋಡ್ತೀನಿ.’

ತಿಮ್ಮವ್ವ ಅಲ್ಲೇ ನಿಂತಿದ್ದಳು. ಅವಳ ಕಾಲು ಏಳಲಿಲ್ಲ ಎನ್ನುತ್ತಾರೆ. ಅಂದಿನಿಂದ ಹೆಸರಿಲ್ಲದ ಕೂಸುಗಳಿಗೂ ಅಂಚುಕಲ್ಲಿನಲ್ಲಿ ಜಾಗ ಸಿಕ್ಕಿತು. ಹಾಗೆಂದು ಚಿತ್ತವ್ವನ ಸಿಟ್ಟು ಇಳಿಯಿತೇ? ತಿಮ್ಮವ್ವನ ತಿಥಿಯ ಊಟಕ್ಕೂ ಅವಳು ಹೋಗಲಿಲ್ಲವಂತೆ.

ಈಗ ಊರಿಗೆ ನಲ್ಲಿ ಬಂದಿದೆ, ಬಾವಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಆದರೂ ಅಂಚುಕಲ್ಲಿನ ಸುತ್ತ ಹಗ್ಗ ತೀಡಿ ಬಿದ್ದ ಕೊರಕಲುಗಳು ಸ್ಪಷ್ಟವಾಗಿವೆ. ಅಲ್ಲಲ್ಲಿ ಒಂದೊಂದರಲ್ಲಿ ಯಾರೋ ಬಳಿದ ಹಸಿ ಅರಿಸಿನವೂ ಇರುತ್ತದೆ. ಮೂಡಣ ಬದಿಯಲ್ಲಿ ಮೂರು ಕೊರಕಲುಗಳು ಒಂದಕ್ಕೊಂದು ಅಂಟಿಕೊಂಡಿವೆ. ಗಿರಿಯವ್ವ, ದಾಸವ್ವ ಮದುವೆಯಾಗಿ ಬೇರೆ ಊರುಗಳ ನೀರು ಸೇದಲು ಹೋದರು. ತಾಯಿ ಮಾತ್ರ ಕೈಯಲ್ಲಿ ಕಸುವಿರುವವರೆಗೂ ಮೂರನೆಯ ಜಾಗದಿಂದ ಸೇದುತ್ತಲೇ ಇದ್ದಳು. ಹಾಗಾಗಿ ಮೂರರಲ್ಲಿ ಆ ಕೂಸಿನದು ಯಾವುದೆಂದು ಬಂದವರು ಯಾರನ್ನೂ ಕೇಳಬೇಕಿಲ್ಲ. ಬೆರಳಿಟ್ಟು ನೋಡಿದರೆ ತಿಳಿಯುತ್ತದೆ. ಎಲ್ಲಕ್ಕಿಂತ ಆಳವಾದದ್ದು ಅದೇ.