ಹಲ್ಲಿ ಮಂಡಿಸಿದ ಪ್ರಬಂಧ

"ಗೋಡೆಯ ಹಲ್ಲಿಗೆ ಪಿಎಚ್‌ಡಿಯೇ?" ಎಂದು ಗಿಣಿ ಪಂಡಿತರು ನಕ್ಕಿದ್ದರು. ನಾನು ಪ್ರಯೋಗಾಲಯದ ಗೋಡೆಯಿಂದಲೇ ಕಂಪ್ಯೂಟರ್ ಪರದೆ ನೋಡಿ ಅಕ್ಷರ ಕಲಿತವಳು. ಕಳಚಿದ ಬಾಲ ಮತ್ತೆ ಬೆಳೆಯುವಾಗ ಯಾವ ಜೀನ್ ಯಾವ ದಿನ ಎಚ್ಚರಗೊಳ್ಳುತ್ತದೆಂದು ಲೆಕ್ಕಹಾಕಿ ಪ್ರಬಂಧ ಬರೆದೆ.

ಮೌಖಿಕ ಪರೀಕ್ಷೆಯಲ್ಲಿ ಗಿಣಿ ಕೇಳಿದರು: "ಇದು ನಿಜವೆಂದು ಹೇಗೆ ನಂಬಲಿ?"

"ಲೊಚಗುಟ್ಟಿಬಿಡೇ! ಹಲ್ಲಿ ನುಡಿದರೆ ಜನ ಸತ್ಯ ಅಂತಾರೆ," ಎಂದು ಪಕ್ಕದ ಜೇಡಮ್ಮ ಪಿಸುಗುಟ್ಟಿದಳು.

"ಅಂಥ ನಂಬಿಕೆ ನನಗೆ ಬೇಡ," ಎಂದು ನಾನು ಬಾಲ ಕಳಚಿ ಮೇಜಿನ ಮೇಲಿಟ್ಟೆ. "ಪಂಡಿತರೇ, ಹೊಸ ಬಾಲ ಬೆಳೆಯುವುದನ್ನು ಇವತ್ತಿನಿಂದ ದಿನಾ ಪರೀಕ್ಷಿಸಿ."

ಗಿಣಿ ಮೂವತ್ತು ದಿನ ಪರೀಕ್ಷಿಸಿದರು. ನನ್ನ ಲೆಕ್ಕ ಒಂದು ದಿನವೂ ತಪ್ಪಲಿಲ್ಲ.

ಈಗ ನಾನು ಡಾಕ್ಟರ್ ಹಲ್ಲಿ. ಹೊಸ ಬಾಲ ಮೊದಲಿನಷ್ಟು ಉದ್ದವಿಲ್ಲ, ಒಳಗೆ ಮೂಳೆಯೂ ಇಲ್ಲ. ಹಳೆಯದನ್ನು ಯಾರೂ ಕಿತ್ತುಕೊಳ್ಳಲಿಲ್ಲ, ನಾನೇ ಕೊಟ್ಟೆ.