ಕೈಬೀಸಿದ ಹಾಲವ್ವ

ಮೂರು ಗಾಲಿಯ ಬಂಡಿ, ಬೆನ್ನಿಗೊಂದು ಎಂಜಿನ್ನು, ನೆತ್ತಿಯ ಮೇಲೆ ಪ್ಯಾರಾಚೂಟು. ನದಿ ದಂಡೆಯ ಬಯಲಿನಲ್ಲಿ ನಾಗನಗೌಡರು ಕಲಿಸುತ್ತಿದ್ದದ್ದು ಇದನ್ನು ಹಾರಿಸುವ ವಿದ್ಯೆ. ಶಿಷ್ಯ ವಿರೂಪಾಕ್ಷ ಅಂದು ಮೊದಲ ಸಲ ಒಬ್ಬನೇ ಹಾರಿ ಇಳಿದಿದ್ದ.

"ಗುರುಗಳೇ, ಕುರಿ ಹಿಂಡಿನ ಮ್ಯಾಲೆ ಹೋದೆ. ಕುರಿ ಕಾಯೋ ಹಾಲವ್ವ ಎರಡೂ ಕೈ ಎತ್ತಿ ಬೀಸಿದಳ್ರಿ! ಪಾಪ, ಖುಷಿ ಆಗ್ಯಾಳ ಅಂತ ಮತ್ತೊಂದು ಸುತ್ತು ಇನ್ನೂ ತಗ್ಗಿನಾಗ ಬಂದೆ."

ಗೌಡರು ಬಂಡಿಯ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು.

"ನಾಳೆ ಹಾಲವ್ವನ ಕುರಿ ಕಾಯಾಕ ಹೋಗು. ಆಮ್ಯಾಲೆ ನಿನಗ ಕೀಲಿ ಕೊಡಬೇಕೋ ಬ್ಯಾಡೋ ನೋಡೂಣು."

ವಿರೂಪಾಕ್ಷನಿಗೆ ಮೈಯೆಲ್ಲ ಉರಿದುಹೋಯಿತು. ಪ್ಯಾರಾಚೂಟಿನ ಸಿಕ್ಕಾದ ಹಗ್ಗ ಬಿಡಿಸಿದ್ದು, ಅದರ ಬಟ್ಟೆ ಮಡಚಿದ್ದು, ಗಾಳಿಗಾಗಿ ಕಾಯುತ್ತ ಬಿಸಿಲಲ್ಲಿ ಒಣಗಿದ್ದು, ಎಲ್ಲ ಕುರಿ ಕಾಯುವುದಕ್ಕೇ? ಇದು ಯಾವ ನ್ಯಾಯ? ಊಟವೂ ಸೇರಲಿಲ್ಲ.

ಮರುದಿನ ಹೋದರೆ ಹಾಲವ್ವ ಕುರಿಗಳನ್ನೆಲ್ಲ ಬಲೆಯ ದೊಡ್ಡಿಯೊಳಗೆ ಕೂಡಿಹಾಕಿದ್ದಳು. ಕಾಲಿಗೆ ಬಿದಿರಿನ ಸೀಳು ಕಟ್ಟಿದ್ದ ಮರಿಯೊಂದನ್ನು ತಂದು ಅವನ ಕೈಗೆ ಕೊಟ್ಟಳು.

"ಇದಕ್ಕೇನಾತಬೇ?"

"ನಿನ್ನೆ ಹೆದರಿ ಓಡಿ ಬಿತ್ತು. ಹಿಡಕೊಂಡು ಕುಂದ್ರು, ನೀರು ತರ್ತೀನಿ."

ಯಾತಕ್ಕೆ ಹೆದರಿತು ಎಂದು ಅವನು ಕೇಳಲಿಲ್ಲ. ತಲೆಯೆಲ್ಲ ಗುರುಗಳ ಮೇಲಿನ ಸಿಟ್ಟೇ ತುಂಬಿತ್ತು. ಮರಿ ಅವನ ಬೆರಳು ಚೀಪುತ್ತ ನಿದ್ದೆಹೋಯಿತು.

ಆಗ ಕೇಳಿಸಿತು ಎಂಜಿನ್ನಿನ ಸದ್ದು. ಗೌಡರು ನೇರ ದೊಡ್ಡಿಯ ಕಡೆಗೇ ಬರುತ್ತಿದ್ದರು. ನಿನ್ನೆ ಅವನು ಬಂದಷ್ಟು ತಗ್ಗಿನಲ್ಲೇನೂ ಅಲ್ಲ. ಆದರೂ ಕುರಿಗಳು ಒಂದರ ಮೇಲೊಂದು ಬಿದ್ದು ಅರಚಿಕೊಂಡವು. ಮರಿ ನಡುಗುತ್ತ ಅವನ ಕಂಕುಳಲ್ಲಿ ಮುಖ ತೂರಿಸಿತು.

ವಿರೂಪಾಕ್ಷ ಮರಿಯನ್ನು ಅವುಚಿಕೊಂಡು ಎದ್ದ. ಇನ್ನೊಂದು ಕೈಯನ್ನು ತೋಳು ಕಿತ್ತುಬರುವ ಹಾಗೆ ಬೀಸಿದ.

"ಹೋಗ್ರಿ! ಅತ್ಲಾಗ ಹೋಗ್ರಿ! ಕಣ್ಣು ಕಾಣಂಗಿಲ್ಲೇನು?"

ಮೇಲಿನಿಂದ ಗೌಡರೂ ಕೈಬೀಸಿದರು.

ಅವರು ಬಯಲಿಗೆ ಇಳಿಯುವಷ್ಟರಲ್ಲಿ ಅವನು ಮರಿಯನ್ನೆತ್ತಿಕೊಂಡೇ ಓಡಿಬಂದಿದ್ದ. ಗುರು, ಗೌರವ ಒಂದೂ ನೆನಪಿರಲಿಲ್ಲ.

"ತಿಳಿದವರು ಹಿಂಗ ಮಾಡೋದೇನ್ರಿ? ಜೀವ ಹೋಗೂವಂಗ ಹೆದರ್ಯಾವು! ನಾ ಅಷ್ಟು ಕೈ ಬೀಸಿದ್ದು ಕಾಣಲಿಲ್ಲೇನ್ರಿ ನಿಮಗ?"

ಗೌಡರು ಹೆಲ್ಮೆಟ್ ಕಳಚಿ ತೊಡೆಯ ಮೇಲಿಟ್ಟುಕೊಂಡರು.

"ಕಾಣ್ತಪ್ಪ. ಪಾಪ, ಖುಷಿ ಆಗ್ಯಾನ ಅಂತ ತಿಳಕೊಂಡೆ."