ಸುಟ್ಟ ಸೆರಗಿನ ತುಂಡು

“ಅವ್ವಾ, ಅಬ್ರಹಾಮನು ಮಗನ ಮೇಲೆ ಕತ್ತಿ ಎತ್ತಿದಾಗ ದೇವದೂತನು ಕೂಗಿ ಕೈ ತಡೆದನು. ಯೆಫ್ತಾಹನು ಮಗಳನ್ನು ಬಲಿ ಕೊಡುವಾಗ ಯಾರೂ ಕೂಗಲಿಲ್ಲ. ಒಂದೇ ಪುಸ್ತಕ, ಒಬ್ಬನೇ ದೇವರು. ಮಗನಿಗೆ ಬಂದ ದೂತನು ಮಗಳಿಗೆ ಯಾಕೆ ಬರಲಿಲ್ಲ?”

ಕೃಪಾವತಿ ಹೀಗೆ ಕೇಳಿದಾಗ ಲುದ್ಯಮ್ಮ ಚರ್ಚಿನ ಹಿಂದಿನ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಲುದ್ಯಮ್ಮನಿಗೆ ಯಾರೂ ಅಕ್ಷರ ಕಲಿಸಿರಲಿಲ್ಲ. ಮೂವತ್ತು ದಾಟಿದ ಮೇಲೆ ತಾನೇ ಕಲಿತಳು. ಸತ್ಯವೇದವನ್ನು ಮೊದಲಿನಿಂದ ಕೊನೆಯವರೆಗೆ ಹನ್ನೊಂದು ಸಲ ಓದಿದ್ದಳು. ಶನಿವಾರದ ದಿನ ಸಭೆಯ ಹೆಂಗಸರು ಅವಳ ಬಳಿ ಓದಲು ಬರುತ್ತಿದ್ದರು. ಅವರಲ್ಲಿ ಕೃಪಾವತಿಯೇ ಹೆಚ್ಚು ಪ್ರಶ್ನೆ ಕೇಳುವವಳು.

“ಈಗ ಅದು ಯಾಕೆ ನೆನಪಾಯಿತು?” ಎಂದು ಲುದ್ಯಮ್ಮ ತಲೆ ಎತ್ತದೆ ಕೇಳಿದಳು.

“ನಾಳೆ ಸುಗ್ಗಿಯ ಆರಾಧನೆ. ನ್ಯಾಯಸ್ಥಾಪಕರು ಹನ್ನೊಂದನೇ ಅಧ್ಯಾಯ. ಓದುವ ಸರದಿ ನನ್ನದು. ಯೆಫ್ತಾಹನು ಯುದ್ಧಕ್ಕೆ ಹೋಗುವಾಗ ಹರಕೆ ಹೊತ್ತನು. ಗೆದ್ದು ಬಂದರೆ ಮನೆಯ ಬಾಗಿಲಿಂದ ಮೊದಲು ಎದುರು ಬಂದವರನ್ನು ಹೋಮ ಮಾಡುತ್ತೇನೆ ಅಂದನು. ಗೆದ್ದನು. ಎದುರು ಬಂದವಳು ಅವನ ಒಬ್ಬಳೇ ಮಗಳು. ಅಪ್ಪ ಗೆದ್ದನೆಂದು ದಮ್ಮಡಿ ಬಡಿಯುತ್ತ ಕುಣಿಯುತ್ತ ಬಂದಳು. ಅವನು ಹರಕೆ ತೀರಿಸಿದನು. ಮಕ್ಕಳನ್ನು ಬೆಂಕಿಗೆ ಕೊಡುವುದು ದೇವರಿಗೆ ಅಸಹ್ಯ ಎಂದು ಇದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿದೆ. ಮುಂದೆ ಇಬ್ರಿಯರ ಪತ್ರಿಕೆಗೆ ಬಂದರೆ ಇದೇ ಯೆಫ್ತಾಹನ ಹೆಸರು ನಂಬಿಕೆಯಲ್ಲಿ ಗಟ್ಟಿಯಾಗಿದ್ದವರ ಸಾಲಿನಲ್ಲಿದೆ. ಮಗಳ ಹೆಸರು ಎಲ್ಲಿಯೂ ಇಲ್ಲ.”

“ಪಾದ್ರಿ ಅಯ್ಯನವರನ್ನು ಕೇಳಿದೆಯಾ?”

“ಕೇಳಿದೆ. ಮೂವತ್ತಮೂರನೇ ವಚನಕ್ಕೆ ನಿಲ್ಲಿಸಿಬಿಡು ಅಂದರು. ಅಷ್ಟರಲ್ಲಿ ಹರಕೆ ಹೊತ್ತಾಗಿರುತ್ತದೆ, ಯುದ್ಧ ಗೆದ್ದಾಗಿರುತ್ತದೆ. ಬಾಗಿಲಿಂದ ಯಾರು ಬಂದರು ಅನ್ನೋದು ಮೂವತ್ತನಾಲ್ಕರಲ್ಲಿದೆ. ಅದು ಹಬ್ಬದ ದಿನ ಬೇಡವಂತೆ. ಆರಾಧನೆ ಮುಗಿಸಿ ಜನ ಊಟಕ್ಕೆ ಕೂಡಬೇಕು, ಮನಸ್ಸು ಕೆಡುತ್ತದೆ ಅಂದರು.”

“ಊಟಕ್ಕೆ ಏನು?”

“ಕುರಿ ಪಲಾವು.”

“ಸರಿ. ಕುರಿಯ ವಿಷಯದಲ್ಲಿ ಮನಸ್ಸು ಕೆಡೋದಿಲ್ಲ ಅಂತಾಯಿತು.”

ಕೃಪಾವತಿ ನಗಲಿಲ್ಲ. “ನಗಬೇಡ ಅವ್ವಾ. ಈ ಸಭೆಯಲ್ಲಿ ಹೆಂಗಸರು ಓದುವ ಪೀಠಕ್ಕೆ ಹತ್ತಿ ಇನ್ನೂ ಒಂದು ವರ್ಷ ಆಗಿಲ್ಲ. ನಾನೇ ಮೊದಲನೆಯವಳು. ಮೂವತ್ತನಾಲ್ಕು ಓದಿದರೆ ನಾಡಿದ್ದೇ ಹಿರಿಯರು ಸೇರುತ್ತಾರೆ. ನನ್ನನ್ನು ಇಳಿಸುತ್ತಾರೆ. ನನ್ನ ಹಿಂದೆ ಬೇರೆ ಯಾರೂ ಹತ್ತದ ಹಾಗೆ ಮಾಡುತ್ತಾರೆ. ಓದದಿದ್ದರೆ? ನನ್ನ ಭಾನುವಾರದ ತರಗತಿಯ ಹುಡುಗಿಯರು ಮೊದಲ ಸಾಲಿನಲ್ಲೇ ಕೂತಿರುತ್ತಾರೆ. ಅವರಿಗೆ ಆ ಕತೆ ಪೂರ್ತಿ ಗೊತ್ತು. ನಾನೇ ಹೇಳಿಕೊಟ್ಟಿದ್ದು.”

ಲುದ್ಯಮ್ಮ ಮೊರದಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. “ದೂತ ಯಾಕೆ ಬರಲಿಲ್ಲ ಅನ್ನೋದಕ್ಕೆ ಚೆಂದದ ಉತ್ತರ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಅವರ ಹತ್ತಿರ ಹೋಗಬೇಡ. ಕೂಡು, ಒಂದು ಕತೆ ಕೇಳು,” ಎಂದು ಹೇಳತೊಡಗಿದಳು.

ಒಂದು ಊರಿನಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಮನೆಗೂ ಒಂದು ದೊಡ್ಡ ಕೌದಿ. ಮನೆಯಲ್ಲಿ ಯಾರಾದರೂ ಸತ್ತರೆ ಅವರ ಬಟ್ಟೆಯ ಒಂದು ತುಂಡನ್ನು ಆ ಕೌದಿಗೆ ಸೇರಿಸಿ ಹೊಲಿಯುತ್ತಿದ್ದರು. ಮನೆಗೆ ಮರ್ಯಾದೆಯಾಗಿ ಬಂದ ಬಟ್ಟೆ ಇದ್ದರೆ ಅದರದೂ ಒಂದು ತುಂಡು. ಸಾಯುವ ತನಕ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರ ಪಂಚೆಗಳು ಅದರಲ್ಲಿ ಅಕ್ಕಪಕ್ಕ ಇರುತ್ತಿದ್ದವು. ಅತ್ತೆಯ ಸೀರೆಯ ಕೆಂಪು ಸೊಸೆಯ ಸೀರೆಯ ಹಸಿರಿಗೆ ಹೊಂದುತ್ತಿರಲಿಲ್ಲ. ಹೊಂದಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಯಾರನ್ನೂ ಬಿಡಬಾರದು, ಅಷ್ಟೇ ನೇಮ.

ಮನೆಗೆ ಹೊಸ ಸೊಸೆ ಬಂದ ದಿನ ಅವಳನ್ನು ಆ ಕೌದಿಯ ಮೇಲೆ ಕೂಡಿಸುತ್ತಿದ್ದರು. ಅವಳು ಒಂದೊಂದೇ ತುಂಡನ್ನು ಮುಟ್ಟಿ, ಇದು ಯಾರದು ಎಂದು ಕೇಳಬೇಕು. ಮನೆಯವರು ಹೆಸರು ಹೇಳಬೇಕು. ಹೀಗೆ ಅವಳಿಗೆ ಸತ್ತವರ ಪರಿಚಯವಾಗುತ್ತಿತ್ತು.

ಊರಿಗೆಲ್ಲ ಕೌದಿ ಹೊಲಿಯುವವಳು ಒಬ್ಬಳೇ ಹೆಂಗಸು.

ಆ ಊರಿನ ಒಬ್ಬ ರೈತನು ಮಾತಿಗೆ ತಪ್ಪದವನೆಂದು ಹೆಸರಾಗಿದ್ದನು. ಒಬ್ಬ ವರ್ತಕನು ಅವನ ಕಣದಲ್ಲಿ ತನ್ನ ಹತ್ತಿಯ ರಾಶಿ ಹಾಕಿಸಿದನು. ರೈತನು, “ನಿಮ್ಮ ಗಾಡಿ ಬರುವ ತನಕ ನನ್ನ ಮನೆಯವರು ಒಬ್ಬರು ಈ ರಾಶಿ ಬಿಟ್ಟು ಕದಲುವುದಿಲ್ಲ,” ಎಂದು ಮಾತು ಕೊಟ್ಟನು. ಮಾತು ಕೊಟ್ಟು ಮಗಳನ್ನು ಕರೆದು ಅಲ್ಲಿ ಕೂಡಿಸಿದನು. “ನಾನು ಬರುವ ತನಕ ಏಳಬೇಡ,” ಎಂದು ಹೇಳಿ ಬೇರೆ ಕೆಲಸಕ್ಕೆ ಹೋದನು.

ಮಧ್ಯಾಹ್ನ ಪಕ್ಕದ ಹೊಲದಲ್ಲಿ ಕೂಳೆ ಸುಡುವಾಗ ಗಾಳಿ ತಿರುಗಿತು. ಕಿಡಿ ಹಾರಿ ರಾಶಿಗೆ ಬಿತ್ತು. ಜನ ಓಡಿ ಬಾ ಎಂದು ಕೂಗಿದರು. ಹುಡುಗಿ, “ಅಪ್ಪ ಏಳಬೇಡ ಅಂದಿದ್ದಾನೆ,” ಎಂದಳು. ಸೆರಗು ಬಿಚ್ಚಿ ಬೆಂಕಿಯನ್ನು ಬಡಿದಳು. ಅರ್ಧ ರಾಶಿ ಉಳಿಯಿತು. ಅವಳು ಉಳಿಯಲಿಲ್ಲ.

ವರ್ತಕನು ಬಂದನು. ಊರವರ ಎದುರಿಗೆ ರೈತನ ತಲೆಗೆ ರೇಷ್ಮೆಯ ರುಮಾಲು ಸುತ್ತಿದನು. “ಪ್ರಾಣ ಹೋದರೂ ಮಾತು ಹೋಗಲಿಲ್ಲ. ಇಂಥ ಮನೆತನ ಸುತ್ತ ಎಲ್ಲೂ ಇಲ್ಲ,” ಎಂದನು. ಊರವರು ಹೌದೆಂದರು. ರೈತನು ರುಮಾಲಿನ ಅಂಚಿನಿಂದ ಕಣ್ಣು ಒರೆಸಿಕೊಂಡನು. ಅಂದಿನಿಂದ ಆ ಮನೆಯಲ್ಲಿ ಮಗಳ ಹೆಸರು ಯಾರೂ ಎತ್ತಲಿಲ್ಲ, ಕೌದಿಗೆ ಅವಳ ತುಂಡೂ ಸೇರಲಿಲ್ಲ.

ಎರಡು ವರ್ಷದ ಮೇಲೆ ರೈತನ ಮಗನಿಗೆ ಮದುವೆ ಗೊತ್ತಾಯಿತು. ಕೌದಿಗೆ ಹೊಸ ತುಂಡು ಸೇರಿಸುವ ಕೆಲಸ ಬಂತು. ರೈತನು ಹೊಲಿಯುವವಳ ಮನೆಗೆ ಹೋಗಿ ಕೌದಿಯನ್ನೂ ರೇಷ್ಮೆಯ ರುಮಾಲಿನ ಒಂದು ತುಂಡನ್ನೂ ಕೊಟ್ಟನು. ಅವನು ಹೋದ ಮೇಲೆ ಅವನ ಹೆಂಡತಿ ಬಂದಳು. ಮಡಿಲಿನಿಂದ ಒಂದು ತುಂಡು ತೆಗೆದು ಜಗಲಿಯ ಮೇಲೆ ಇಟ್ಟಳು. ಮಗಳ ಸೆರಗಿನದು. ಅಂಚು ಕರಕಾಗಿತ್ತು. ಮಾತಾಡದೆ ಇಟ್ಟು ಮಾತಾಡದೆ ಹೋದಳು.

ಮರುದಿನ ರೈತನು ಕೆಲಸ ಎಷ್ಟಾಯಿತು ಎಂದು ನೋಡಲು ಬಂದನು. ರುಮಾಲಿನ ಪಕ್ಕದಲ್ಲಿ ಕರಕು ತುಂಡು ಕಂಡಿತು.

“ಇದನ್ನು ಕೀಳು,” ಎಂದನು. “ಸೊಸೆ ಬಂದು ಕೂತು ಕೇಳುತ್ತಾಳೆ.”

“ಕೇಳಲಿ ಅಂತಲೇ ಹೊಲಿಯೋದು ಯಜಮಾನರೇ.”

“ಮದುವೆಯ ದಿನ ಇದೆಲ್ಲ ಯಾಕೆ? ಬೀಗರು ಏನಂದಾರು? ರುಮಾಲು ಇದೆಯಲ್ಲ, ಪ್ರಾಣ ಹೋದರೂ ಮಾತು ಉಳಿಸಿದ ಮನೆ ಅಂತ ಅದನ್ನು ತೋರಿಸಿದರೆ ಸಾಕು.”

“ಯಾರ ಪ್ರಾಣ, ಯಾರ ಮಾತು?”

ರೈತನು ಕರಕು ತುಂಡಿನಿಂದ ಮುಖ ತಿರುಗಿಸಿದನು. ಆಮೇಲೆ ಸಣ್ಣ ದನಿಯಲ್ಲಿ, “ಅದು ಕಣ್ಣಿಗೆ ಬಿದ್ದರೆ ನನಗೆ ಉಸಿರು ಕಟ್ಟುತ್ತದೆ ಕಣವ್ವ,” ಎಂದನು.

“ಕಟ್ಟಲಿ. ಅವಳಿಗೂ ಕಟ್ಟಿತ್ತು.”

ರೈತನಿಗೆ ಸಿಟ್ಟು ಬಂತು. “ಕೌದಿ ನನ್ನದು!”

“ಕೌದಿ ನಿಮ್ಮದು. ಸೂಜಿ ನನ್ನದು.”

“ಹಾಗಾದರೆ ಇನ್ನು ಈ ಊರಿನಲ್ಲಿ ಆ ಸೂಜಿಗೆ ಕೆಲಸ ಇರೋದಿಲ್ಲ,” ಎಂದು ಹೇಳಿ ಅವನು ಹೋದನು. ಮಾತಿಗೆ ತಪ್ಪದವನಲ್ಲವೇ, ಅದನ್ನೂ ನಡೆಸಿದನು. ಮರುವಾರದಿಂದ ಅವಳಿಗೆ ಯಾರೂ ಒಂದು ಚಿಂದಿಯನ್ನೂ ಕೊಡಲಿಲ್ಲ. ಅವಳು ರೈತನ ಕೌದಿಯನ್ನು ಪೂರ್ತಿ ಹೊಲಿದಳು. ರುಮಾಲಿಗೆ ಎಷ್ಟು ಹೊಲಿಗೆಯೋ ಕರಕಿಗೂ ಅಷ್ಟೇ ಹೊಲಿಗೆ. ಮಡಚಿ ಅವರ ಬಾಗಿಲಲ್ಲಿ ಇಟ್ಟು ಊರು ಬಿಟ್ಟಳು.

ಇಲ್ಲಿ ಕೃಪಾವತಿ ಅಡ್ಡ ಬಂದಳು. “ಅವ್ವಾ, ಅಷ್ಟು ಗಟ್ಟಿಗಿತ್ತಿ ಆ ರುಮಾಲನ್ನು ಯಾಕೆ ಹೊಲಿದಳು? ಅದನ್ನು ಒಲೆಗೆ ಹಾಕಬಹುದಿತ್ತಲ್ಲ?”

“ಹಾಕಿದ್ದರೆ ಅವಳೂ ಆ ರೈತನೂ ಒಂದೇ ಆಗುತ್ತಿದ್ದರು. ತನಗೆ ಬೇಡವಾದದ್ದನ್ನು ಕಿತ್ತು ಬಿಸಾಡುವವರು ಇಬ್ಬರಾಗುತ್ತಿದ್ದರು. ಮುಂದೆ ಕೇಳು.”

ಮದುವೆಯಾಯಿತು. ಸೊಸೆಯನ್ನು ಕೌದಿಯ ಮೇಲೆ ಕೂಡಿಸಿದರು. ಕೌದಿ ಬಿಚ್ಚಿ ಹೊಲಿಯಲು ಬೇರೆ ಯಾರೂ ಇಲ್ಲದ್ದರಿಂದ ರೈತನು ಕರಕು ತುಂಡಿನ ಮೇಲೆ ಎಲೆಯಡಿಕೆಯ ಹಿತ್ತಾಳೆಯ ತಟ್ಟೆ ಇಟ್ಟಿದ್ದನು. ಸೊಸೆ ಒಂದೊಂದೇ ತುಂಡು ಮುಟ್ಟಿ ಕೇಳಿದಳು. ಅಜ್ಜನದು ಎಂದರು. ಚಿಕ್ಕಮ್ಮನದು ಎಂದರು. ರುಮಾಲಿನ ತುಂಡಿಗೆ ಬಂದಾಗ ರೈತನೇ ಎದ್ದು ನಿಂತು ಕತೆ ಹೇಳಿದನು. ಬೀಗರು ತಲೆದೂಗಿದರು.

“ಪ್ರಾಣ ಹೋದರೂ ಅಂದಿರಿ,” ಎಂದಳು ಸೊಸೆ. “ಹೋದವರದು ಎಲ್ಲಿ?”

ರೈತನ ಕಣ್ಣು ತಟ್ಟೆಯ ಕಡೆ ಹೋಯಿತು. ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಕರಕು ಅಂಚನ್ನು ಮುಟ್ಟಿದಳು. “ಇದು ಯಾರದು?”

ರೈತನು ಹೆಂಡತಿಯನ್ನು ನೋಡಿದನು. ಹೆಂಡತಿ ಅವನನ್ನು ನೋಡಲಿಲ್ಲ. ಎರಡು ವರ್ಷದಿಂದ ಬಾಯಿ ಬಿಡದವಳು ಅಷ್ಟು ಜನರ ನಡುವೆ ಮಗಳ ಹೆಸರು ಹೇಳಿದಳು.

“ಏನು ಹೆಸರು ಅವ್ವಾ?” ಎಂದು ಕೃಪಾವತಿ ಕೇಳಿದಳು.

“ಆ ಮನೆಯಲ್ಲಿ ಹೇಳಿದರು. ಅಷ್ಟು ಸಾಕು. ನಿನ್ನ ಕೈಯಲ್ಲಿರುವ ಪುಸ್ತಕದವರು ಅಷ್ಟನ್ನೂ ಹೇಳಲಿಲ್ಲ. ಆದರೂ ಒಂದು ಮಾತು ಬಿಟ್ಟಿದ್ದಾರೆ. ಆ ಹುಡುಗಿಗಾಗಿ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ದಿನ ಹೋಗಿ ಅಳುತ್ತಿದ್ದರು ಎಂದು ಬರೆದಿದ್ದಾರೆ. ಯಾವ ವಚನ?”

“ನಲವತ್ತು.”

“ಹೂಂ. ಅದೂ ಮೂವತ್ತಮೂರರ ಆಚೆಗೇ ಇದೆ.”

ಲುದ್ಯಮ್ಮ ಕತೆ ಮುಂದುವರಿಸಿದಳು.

ಮತ್ತೆ ಹತ್ತಿಯ ಕಾಲ ಬಂತು. ಅದೇ ವರ್ತಕನು ಬಂದನು. ಅದೇ ಕಣದಲ್ಲಿ ರಾಶಿ ಹಾಕಿಸಿದನು. ರೈತನು ರುಮಾಲು ಸರಿಪಡಿಸಿಕೊಂಡು ಅದೇ ಮಾತು ಕೊಟ್ಟನು. ಮಗ ಸಂತೆಗೆ ಹೋಗಿದ್ದನು. ರೈತನು ಒಳಗೆ ಬಂದು ಸೊಸೆಯನ್ನು ಕರೆದನು.

“ಕಣಕ್ಕೆ ಹೋಗಿ ಕೂತ್ಕೊಳ್ಳವ್ವ. ನಾನು ಬರುವ ತನಕ ಏಳಬೇಡ.”

ಸೊಸೆ ಹಿಟ್ಟಿನ ಕೈ ಒರೆಸಿಕೊಂಡು ಎದ್ದು ನಿಂತಳು. “ಮಾವಾ, ಆ ಕರಕನ್ನು ನಾನು ಮುಟ್ಟಿ ನೋಡಿದ್ದೇನೆ. ಮಾತು ಕೊಟ್ಟವರು ನೀವು. ನೀವೇ ಕೂತ್ಕೊಳ್ಳಿ.”

ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು ಸೊಸೆಯ ಪಕ್ಕದಲ್ಲಿ ನಿಂತಳು.

ರೈತನು ಇಬ್ಬರನ್ನೂ ನೋಡಿದನು. ತಲೆಯ ಮೇಲಿನ ರುಮಾಲನ್ನು ತೆಗೆದು ಗೂಟಕ್ಕೆ ಹಾಕಿದನು. ಕಣಕ್ಕೆ ಹೋಗಿ ಗಾಡಿ ಬರುವ ತನಕ ಬಿಸಿಲಲ್ಲಿ ತಾನೇ ಕೂತನು.

ಲುದ್ಯಮ್ಮ ಕತೆ ನಿಲ್ಲಿಸಿ ಮೊರವನ್ನು ಕೊಡವಿದಳು.

“ಹೊಲಿದವಳು ಏನಾದಳು?” ಎಂದು ಕೃಪಾವತಿ ಕೇಳಿದಳು.

“ಏನಾಗುತ್ತಾಳೆ? ಬೇರೆ ಊರಿನಲ್ಲಿ ಜಗಲಿ ಹಿಡಿದಳು. ಸೂಜಿ ಕೈಯಲ್ಲೇ ಇತ್ತಲ್ಲ.”

ಕೃಪಾವತಿ ಕೈಯಲ್ಲಿದ್ದ ಪುಸ್ತಕವನ್ನು ತೆರೆದಳು, ಮುಚ್ಚಿದಳು. “ಪೀಠ ಹೋದರೆ ಮತ್ತೆ ಸಿಗೋದಿಲ್ಲ ಅವ್ವಾ.”

“ಪೀಠ ಮರದ್ದು. ನಿನ್ನ ಗಂಟಲೂ ಮರದ್ದೇನು?”

ಕೃಪಾವತಿಯ ಮುಖ ಕೆಂಪಾಯಿತು. ಅವಳೂ ಹಟ ಬಿಡುವವಳಲ್ಲ. “ಕತೆ ಹೇಳಿ ನನ್ನನ್ನು ಸಾಗಹಾಕಬೇಡ. ನಾನು ಬಂದಾಗ ಕೇಳಿದ್ದು ಒಂದೇ ಮಾತು. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ. ಮಗನಿಗೆ ಬಂದ ದೂತನು ಮಗಳಿಗೆ ಯಾಕೆ ಬರಲಿಲ್ಲ?”

ಲುದ್ಯಮ್ಮ ಮೊರವನ್ನು ಕೆಳಗಿಟ್ಟು, ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದಳು.

“ಮೂವತ್ತಮೂರಕ್ಕೆ ನಿಲ್ಲಿಸು ಎಂದು ಆ ದೂತನಿಗೂ ಯಾರೋ ಹೇಳಿರಬೇಕು.”